ಸಂಕದ ಮೇಲೆ ಬೀಳದ ಅಪ್ಪಯ್ಯ

16 ಜುಲೈ 2025, ಬುಧವಾರ, ರಾತ್ರಿ

ಕರೆಂಟ್ ಹೋಗಿ ಮೂರು ತಾಸಾಯ್ತು. ಮೊಬೈಲಿನಲ್ಲಿ 18 ಪರ್ಸೆಂಟ್ ಚಾರ್ಜ್ ಇದೆ. ಮುಗಿಯುವುದರೊಳಗೆ ಬರೆದುಬಿಡಬೇಕು.

ಭಾನುವಾರ ಅಪ್ಪಯ್ಯ ಬಚ್ಚಲಲ್ಲಿ ಬಿದ್ದ. ಮೊಣಕೈ ತರಚಿದ್ದು ಬಿಟ್ಟರೆ ಪೆಟ್ಟಿಲ್ಲ. “ಎಂತೂ ಆಜಿಲ್ಲೆ” ಎಂದವನೇ ಎದ್ದು ಹಂಡೆಯ ಒಲೆಗೆ ಕಟ್ಟಿಗೆ ತುರುಕಿದನಂತೆ. ಆಯಿ ಗುಟ್ಟಾಗಿ ಫೋನ್ ಮಾಡಿ, ಇದು ಮೂರನೇ ಸಲ ಎಂದಳು. ಮೊದಲೆರಡು ಸಲ ನನಗೆ ಸುದ್ದಿಯೇ ಇಲ್ಲ. ಈ ಮನೆಯಲ್ಲಿ ದನ ಮೇವು ಬಿಟ್ಟರೆ ಫೋನ್ ಬರುತ್ತದೆ, ಅಪ್ಪಯ್ಯ ಬಿದ್ದರೆ ಬರುವುದಿಲ್ಲ.

ನನಗೆ ಬಗೆಹರಿಯದ್ದು ಒಂದೇ. ಇದೇ ಮನುಷ್ಯ ದಿನಾ ಹಳ್ಳದ ಸಂಕ ದಾಟಿ ತೋಟಕ್ಕೆ ಹೋಗುತ್ತಾನೆ. ಸಂಕ ಅಂದರೆ ಪಾಚಿ ಹಿಡಿದ ಎರಡು ಅಡಿಕೆ ಮರ, ಪಕ್ಕಕ್ಕೊಂದು ಹಗ್ಗ, ಕೆಳಗೆ ಕೆಂಪು ನೀರು. ಅಲ್ಲಿ ಒಮ್ಮೆಯೂ ಜಾರಿದವನಲ್ಲ. ಬೀಳುವುದು ಹುಟ್ಟಿದಾಗಿಂದ ಮೀಯುತ್ತಿರುವ ಬಚ್ಚಲಲ್ಲಿ!

ಇವತ್ತು ಶಿರಸಿಗೆ ಕರೆದುಕೊಂಡು ಹೋದೆ. ಫಿಸಿಯೋಥೆರಪಿಯ ಹುಡುಗಿ ಬಿಪಿ, ಶುಗರ್ ಚೀಟಿ ನೋಡಿ ಮೊದಲು ಕೇಳಿದ್ದೇ ಇದು: “ಅಜ್ಜಾ, ಮುಖಕ್ಕೆ ಸೋಪು ಹಚ್ಚಿಕೊಂಡಾಗ ಬಿದ್ರಾ?”

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹೌದು. ಮೂರು ಸಲವೂ.

ಚಪ್ಪಲಿ ಬಿಡಿಸಿ ಪಾದ ಜೋಡಿಸಿ ನಿಲ್ಲಿಸಿದಳು. ಗರುಡಗಂಬದ ಹಾಗೆ ನಿಂತ. “ಈಗ ಕಣ್ಣು ಮುಚ್ಚಿ.” ಮೊದಲು ಕಾಲ್ಬೆರಳು ನೆಲ ಕಚ್ಚಿದವು. ಪಾದದ ಮೇಲಿನ ನರಗಳು ಎದ್ದವು. ಆಮೇಲೆ ಇಡೀ ದೇಹ ನಿಧಾನಕ್ಕೆ ಹಿಂದಕ್ಕೆ ವಾಲಿತು. ಅವಳ ಕೈ ಬೆನ್ನ ಹಿಂದೆ ಸಿದ್ಧವಾಗಿಯೇ ಇತ್ತು.

ಬರ್ಲಿನ್ನಿನ ರಾಂಬರ್ಗ್ ಎಂಬ ಡಾಕ್ಟರು 1840ರ ದಶಕದಲ್ಲಿ ಬರೆದಿಟ್ಟ ಪರೀಕ್ಷೆಯಂತೆ ಇದು. ನಿಲ್ಲೋದು ಅಂದರೆ ಸುಮ್ನೆ ಇರೋದಲ್ಲ, ನಾವೆಲ್ಲ ಸದಾ ಚೂರು ಚೂರು ಬೀಳುತ್ತಲೇ ಇರುತ್ತೇವೆ, ದೇಹ ಎಳೆದು ಎಳೆದು ಸರಿ ಮಾಡುತ್ತದೆ ಎಂದಳು. ಸುದ್ದಿ ಕೊಡುವವರು ಮೂವರು: ಕಣ್ಣು, ಕಿವಿಯ ಒಳಭಾಗ, ಪಾದ ಮತ್ತು ಕಾಲಿನ ಗಂಟು. ಒಬ್ಬ ರಜೆ ಹಾಕಿದರೆ ಉಳಿದಿಬ್ಬರು ಸಂಭಾಳಿಸುತ್ತಾರೆ. ಅಪ್ಪಯ್ಯನ ಪಾದ ಸಕ್ಕರೆ ಕಾಯಿಲೆಯಿಂದ ಯಾವಾಗಲೋ ಜೋಮು ಹಿಡಿದಿದೆ. ಕಣ್ಣು ಆ ಕೆಲಸವನ್ನೂ ಮಾಡುತ್ತಿತ್ತು. ಸೋಪು ಹಚ್ಚಿದಾಗ ಅದೂ ಬಾಗಿಲು ಹಾಕಿಕೊಂಡಿತು.

ಕಣ್ಣನ್ನೇ ಪೂರ್ತಿ ನಂಬುವ ಹಾಗೂ ಇಲ್ಲ. ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ನಮ್ಮ ಕೊನೆಗೌಡ ಹೇಳುತ್ತಿದ್ದ, ಮರದ ತುದಿಯಲ್ಲಿದ್ದಾಗ ಮೋಡ ನೋಡಬಾರದು, ಮರವೇ ಬೀಳ್ತಾ ಇದ್ದಂಗೆ ಆಗ್ತದೆ ಅಂತ. 1974ರಲ್ಲಿ ಲೀ ಮತ್ತು ಆರನ್ಸನ್ ಎಂಬಿಬ್ಬರು ಆಗಷ್ಟೇ ನಡೆಯಲು ಕಲಿತ ಮಕ್ಕಳನ್ನು ಒಂದು ಕೋಣೆಯಲ್ಲಿ ನಿಲ್ಲಿಸಿ, ನೆಲ ಹಾಗೇ ಬಿಟ್ಟು ಗೋಡೆಗಳನ್ನು ಮಾತ್ರ ಸರಿಸಿದರಂತೆ. ಗೋಡೆ ಹತ್ತಿರ ಬಂದರೆ ಮಕ್ಕಳು ಹಿಂದಕ್ಕೆ ಬೀಳುತ್ತಿದ್ದವು. ಯಾರೂ ಮುಟ್ಟದೆ! ವಾಪಸ್ ಬರುವಾಗ ಬಸ್ಸಿನಲ್ಲಿ ಇದನ್ನು ಓದಿ ಹೇಳಿದೆ. ಅಪ್ಪಯ್ಯ ಕೇಳಿದ್ದು, “ಪಾಪ, ಮಕ್ಕಳಿಗೆ ಪೆಟ್ಟಾತಾ?”

ನಡುವೆ ಆದದ್ದನ್ನು ಬರೆಯುವುದೇ ಬಿಟ್ಟೆ. ಆ ಹುಡುಗಿ ಎರಡನೇ ಸಲ ಕಣ್ಣು ಮುಚ್ಚಿಸಿದಳು. “ಈಗ ಒಂದು ಬೆರಳು ಮೇಜಿಗೆ ತಾಗಿಸಿ. ಒರಗಬೇಡಿ, ಬರೀ ಮುಟ್ಟಿ ಸಾಕು.” ತೂಗಾಟ ಕಡಿಮೆಯಾಯಿತು. ಬೆರಳ ತುದಿ ಭಾರ ಹೊರುವುದಿಲ್ಲ, ನೀನು ಎತ್ತ ವಾಲುತ್ತಿದ್ದೀ ಅಂತ ಹೇಳುತ್ತದೆ, ಅಷ್ಟೇ.

ಆಗ ಹೊಳೆಯಿತು. ಸಂಕದ ಹಗ್ಗವನ್ನು ಅಪ್ಪಯ್ಯ ಯಾವತ್ತೂ ಗಟ್ಟಿಯಾಗಿ ಹಿಡಿದಿದ್ದು ನಾನು ನೋಡಿಲ್ಲ. ಎರಡು ಬೆರಳು ಹಗ್ಗದ ಮೇಲೆ ಜಾರುತ್ತಾ ಹೋಗುತ್ತವೆ, ತಲೆ ನೆಟ್ಟಗೆ, ಸೊಂಟ ಮಾತ್ರ ಆಚೆ ಈಚೆ. ಚಿಕ್ಕವಳಿದ್ದಾಗ ನಾನು ಹಗ್ಗಕ್ಕೇ ಜೋತು ಬಿದ್ದು ಬೈಸಿಕೊಳ್ಳುತ್ತಿದ್ದೆ.

ಬಚ್ಚಲಿಗೆ ಸ್ಟೀಲಿನ ಹಿಡಿಕೆ ಹಾಕಿಸೋಣ ಅಂದೆ. ಅಲ್ಲಿಗೆ ಇಡೀ ದಿನದ ಒಳ್ಳೆಯತನ ಮುಗಿಯಿತು. “ಆಸ್ಪತ್ರೆ ಮಾಡ್ತ್ಯಾ ಮನೇನ?” ಆಯಿ ಒಳಗಿಂದ, “ಮೂರು ಸಲ ಎತ್ತಿದ್ದು ನಾನು” ಅಂದಳು. ಸ್ವಲ್ಪ ಹೊತ್ತು ಮಳೆಯ ಸದ್ದು ಬಿಟ್ಟರೆ ಏನಿಲ್ಲ. ಕೊನೆಗೆ ಅವನೇ, ಬೇಕಾದ್ರೆ ಒಂದು ಹಗ್ಗ ಕಟ್ಟು ಅಂದ. ಹಗ್ಗ! ಜಾರಿದ ದಿನ ಹಗ್ಗ ತಡೆಯುತ್ತದಾ ಅಂತ ಜಗಳ ಮುಂದುವರಿಸಬೇಕಿತ್ತು. ನಗು ಬಂದುಬಿಟ್ಟಿತು.

ನಾಳೆ ಪ್ಲಂಬರ್‌ಗೆ ಹೇಳಬೇಕು, ಬಚ್ಚಲಿಗೊಂದು ಚಾರ್ಜಿಂಗ್ ಲೈಟೂ ಬೇಕು, ಯಾಕಂದ್ರೆ ಕತ್ತಲಲ್ಲಿ ಕಣ್ಣು ತೆರೆದಿದ್ದರೂ ಅಷ್ಟೇ

ಹಿಂದಿನ ಬಾಗಿಲ ಸದ್ದು. ಅಪ್ಪಯ್ಯನೇ. ಟಾರ್ಚ್ ಇಲ್ಲೇ ನನ್ನ ಪಕ್ಕದಲ್ಲಿದೆ