ಮೀಟಿಯರ್ ಸ್ಟ್ರೀಟಿನ 23ನೇ ನಂಬರ್ ಮನೆ

ನಾನು ಸೀರಿಯಲ್ ಎಡಿಟರ್. ಒಬ್ಬರ ಮಾತು, ಅದನ್ನು ಕೇಳಿದವರ ಮುಖ, ಮತ್ತೆ ಮಾತು. ದಿನಾ ಎಡಿಟಿಂಗ್ ಸಾಫ್ಟ್‌ವೇರಿನ ಟೈಮ್‌ಲೈನ್ ಮೇಲೆ ನಡೆಯುವ ಕೆಲಸ ಇದೇ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು "ಕಟಿಂಗ್ ಕಲಿಯೋಕೆ ಏನು ನೋಡಲಿ?" ಅಂತ ಕೇಳುತ್ತಿರುತ್ತಾರೆ. ದೊಡ್ಡ ಸಿನಿಮಾಗಳ ಪಟ್ಟಿ ಕೊಡುವುದಿಲ್ಲ ನಾನು. 'ಸ್ಪೇಸ್ಡ್' ನೋಡಿ ಅನ್ನುತ್ತೇನೆ. ಸಿಕ್ಕಿದರೆ ಡಿವಿಡಿಯಲ್ಲೇ ನೋಡಿ ಅಂತಲೂ ಸೇರಿಸುತ್ತೇನೆ.

ಬ್ರಿಟನ್ನಿನ ಚಾನೆಲ್ 4ರಲ್ಲಿ 1999ರ ಸೆಪ್ಟೆಂಬರ್‌ನಲ್ಲಿ ಶುರುವಾಗಿ 2001ರಲ್ಲಿ ಮುಗಿದ ಕಾಮಿಡಿ ಇದು. ಎರಡು ಸೀಸನ್, ಒಂದೊಂದರಲ್ಲಿ ಏಳು ಎಪಿಸೋಡ್. ಒಟ್ಟು 14 ಅಷ್ಟೇ.

ಕಥೆ ಬಹಳ ಸರಳ. ಟಿಮ್ ಬಿಸ್ಲಿ ಕಾಮಿಕ್ಸ್ ಬರೆಯುವ ಆಸೆಯವನು, ಗೆಳತಿ ಬಿಟ್ಟುಹೋಗಿದ್ದಾಳೆ. ಡೇಸಿ ಸ್ಟೈನರ್ ಪತ್ರಕರ್ತೆ ಆಗಬೇಕು ಅಂದುಕೊಂಡವಳು, ಆದರೆ ಬರೆಯಲು ಕೂತರೆ ಬೇರೆ ಸಾವಿರ ಕೆಲಸ ನೆನಪಾಗುತ್ತವೆ. ಇಬ್ಬರಿಗೂ ಇರಲು ಜಾಗ ಇಲ್ಲ. ಒಂದು ಕೆಫೆಯಲ್ಲಿ ಪೇಪರ್ ಹಿಡಿದು ಮನೆ ಹುಡುಕುವಾಗ ಪರಿಚಯ. ಉತ್ತರ ಲಂಡನ್ನಿನ ಟಫ್ನೆಲ್ ಪಾರ್ಕ್‌ನಲ್ಲಿ ಒಂದು ಒಳ್ಳೆಯ ಫ್ಲಾಟ್, ವಾರಕ್ಕೆ 90 ಪೌಂಡ್. ಆದರೆ ಕೆಲಸದಲ್ಲಿರುವ ಜೋಡಿಗೆ ಮಾತ್ರ. ಸರಿ, ಇಬ್ಬರೂ ಜೋಡಿ ಅಂತ ಸುಳ್ಳು ಹೇಳಿ ಸೇರಿಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಟು-ಲೆಟ್ ಬೋರ್ಡ್ ನೋಡಿಕೊಂಡು ಬೀದಿ ಬೀದಿ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. "ಫ್ಯಾಮಿಲಿನಾ, ಬ್ಯಾಚುಲರ್ಸಾ?" ಅನ್ನುವ ಪ್ರಶ್ನೆ ಕೇಳದವರು ನಮ್ಮಲ್ಲಿ ಯಾರಿದ್ದಾರೆ?

ಮೀಟಿಯರ್ ಸ್ಟ್ರೀಟಿನ ಆ 23ನೇ ನಂಬರ್ ಮನೆಯಲ್ಲಿ ಇರುವವರು ಒಬ್ಬರಿಗೊಬ್ಬರು ಹೊಂದುವವರೇ ಅಲ್ಲ. ಕೆಳಗಡೆ ಬ್ರಯನ್. ನೋವು, ಸಿಟ್ಟು, ಭಯವನ್ನೇ ಚಿತ್ರ ಮಾಡುವ ಕಲಾವಿದ, ಮನುಷ್ಯರ ಜೊತೆ ಮಾತಾಡಲು ಒದ್ದಾಡುವವನು. ಮೇಲೆ ಓನರ್ ಮಾರ್ಷಾ. ಕೈಯಲ್ಲಿ ಸದಾ ಸಿಗರೇಟು, ವೈನ್ ಗ್ಲಾಸು, ಹರೆಯದ ಮಗಳ ಜೊತೆ ಮುಗಿಯದ ಜಗಳ. ಟಿಮ್‌ನ ಜೀವದ ಗೆಳೆಯ ಮೈಕ್‌ಗೆ ಸೈನ್ಯದ ಹುಚ್ಚು. ಟೆರಿಟೋರಿಯಲ್ ಆರ್ಮಿಯ (ಅಲ್ಲಿನ ಅರೆಕಾಲಿಕ ಸೈನ್ಯ) ಟ್ಯಾಂಕ್ ಕದ್ದು ಪ್ಯಾರಿಸ್ ಮೇಲೆ ದಾಳಿ ಮಾಡಲು ಹೊರಟು, ದಾರಿಯಲ್ಲಿ ಡಿಸ್ನಿಲ್ಯಾಂಡ್ ಕಂಡು ಅಲ್ಲೇ ನಿಂತುಬಿಟ್ಟವನು! ಡೇಸಿಯ ಗೆಳತಿ ಟ್ವಿಸ್ಟ್‌ಗೆ ಬಟ್ಟೆಬರೆ ಬಿಟ್ಟರೆ ಬೇರೆ ಲೋಕವಿಲ್ಲ. ಆಮೇಲೆ ಕಾಲಿನ್ ಅನ್ನುವ ಒಂದು ನಾಯಿ.

ಟಿಮ್ ಆಗಿರುವ ಸೈಮನ್ ಪೆಗ್ ಮತ್ತು ಡೇಸಿ ಆಗಿರುವ ಜೆಸಿಕಾ ಸ್ಟೀವನ್ಸನ್ ಸೇರಿ ಬರೆದದ್ದು ಇದು. (ಜೆಸಿಕಾ ಈಗ ಹೈನ್ಸ್ ಅನ್ನುವ ಹೆಸರಿನಲ್ಲಿ ನಟಿಸುತ್ತಾರೆ.) ಗಂಡು ಹೆಣ್ಣು ಕೂತು ಬರೆದದ್ದು ಎದ್ದು ಕಾಣುತ್ತದೆ. ಡೇಸಿ ಟಿಮ್‌ಗೆ ಬುದ್ಧಿ ಹೇಳಲು ಇಟ್ಟ ಪಾತ್ರವಲ್ಲ. ಅವನಷ್ಟೇ ಸೋಮಾರಿ, ಅವನಷ್ಟೇ ತರಲೆ, ಅವನಷ್ಟೇ ಮುದ್ದು. ಹೆಂಗಸರಿಗೆ ಇಂಥ ಪಾತ್ರ ಬರೆಯುವವರು ಆಗಲೂ ಕಡಿಮೆ, ಈಗಲೂ ಕಡಿಮೆ. ಮೈಕ್ ಆಗಿರುವ ನಿಕ್ ಫ್ರಾಸ್ಟ್ ಅದಕ್ಕೂ ಮೊದಲು ನಟನೇ ಅಲ್ಲ, ರೆಸ್ಟೋರೆಂಟ್ ಒಂದರಲ್ಲಿ ವೇಟರ್. ಪೆಗ್‌ನ ಜೊತೆ ನಿಜವಾಗಿಯೂ ಒಂದೇ ಫ್ಲಾಟಿನಲ್ಲಿ ಇದ್ದ ಗೆಳೆಯ. ಅವರಿಬ್ಬರ ನಡುವಿನ ಸಲಿಗೆ ಯಾವ ವರ್ಕ್‌ಶಾಪಿನಲ್ಲೂ ಹುಟ್ಟುವಂಥದ್ದಲ್ಲ.

ಈಗ ನನ್ನ ಕೆಲಸದ ವಿಷಯಕ್ಕೆ ಬರುತ್ತೇನೆ. ನಿರ್ದೇಶಕ ಎಡ್ಗರ್ ರೈಟ್‌ಗೆ ಆಗ 25 ವರ್ಷ. ಆ ಕಾಲದ ಎಷ್ಟೋ ಬ್ರಿಟಿಷ್ ಕಾಮಿಡಿಗಳು ಸ್ಟುಡಿಯೋದಲ್ಲಿ, ಜನರ ಎದುರು, ಹಲವು ಕ್ಯಾಮೆರಾ ಇಟ್ಟು ಶೂಟ್ ಆಗುತ್ತಿದ್ದವು. ಇದರಲ್ಲಿ ಒಂದೇ ಕ್ಯಾಮೆರಾ, ಜನರ ನಗುವಿನ ಸದ್ದಿಲ್ಲ. ನಗುವಿಗೆ ಅಂತ ನಟರು ಕಾಯಬೇಕಾಗಿಲ್ಲ. ಹಾಗಾಗಿ ಕಟ್, ಅಂದರೆ ಒಂದು ಶಾಟ್‌ನಿಂದ ಇನ್ನೊಂದಕ್ಕೆ ಹಾರುವುದು, ಎಲ್ಲಿ ಬೇಕಾದರೂ ಬರಬಹುದು. ಕ್ಯಾಮೆರಾ ಸರ್ರನೆ ತಿರುಗಿದರೆ ಜಾಗವೇ ಬದಲಾಗಿರುತ್ತದೆ. ಒಂದು ಸೀನಿನ ಕೊನೆಯ ಮಾತಿಗೆ ಉತ್ತರ ಮುಂದಿನ ಸೀನಿನಲ್ಲಿ, ಬೇರೆಯವರ ಬಾಯಿಂದ ಬರುತ್ತದೆ.

ಮೊದಲ ಸೀಸನ್ನಿನ ಮೂರನೇ ಎಪಿಸೋಡ್ 'ಆರ್ಟ್' ನೋಡಿ. ಟಿಮ್ ರಾತ್ರಿಯಿಡೀ ನಿದ್ದೆಗೆಟ್ಟು 'ರೆಸಿಡೆಂಟ್ ಈವಿಲ್ 2' ಅನ್ನುವ ಜಾಂಬಿ ವಿಡಿಯೋ ಗೇಮ್ ಆಡಿದ್ದಾನೆ. ಮಾರನೆಯ ದಿನ ಎದುರಿಗೆ ಬಂದವರೆಲ್ಲ ಜಾಂಬಿಗಳಂತೆ ಕಾಣುತ್ತಾರೆ. ಆಟ ಎಲ್ಲಿ ಮುಗಿಯಿತು, ಮನೆ ಎಲ್ಲಿ ಶುರುವಾಯಿತು ಅನ್ನುವ ಗೆರೆಯನ್ನು ಅಳಿಸುವುದು ಕಟ್ ಮತ್ತು ಸೌಂಡ್. ಗ್ರಾಫಿಕ್ಸ್‌ಗೆ ದುಡ್ಡು ಸುರಿದಿಲ್ಲ. ಇದೇ ಗುಂಪು 2004ರಲ್ಲಿ ಮಾಡಿದ ಜಾಂಬಿ ಸಿನಿಮಾ 'ಷಾನ್ ಆಫ್ ದ ಡೆಡ್' ಮೊಳಕೆಯೊಡೆದದ್ದು ಇಲ್ಲೇ.

ಎರಡನೇ ಸೀಸನ್ನಿನ 'ಗಾನ್' ಎಪಿಸೋಡಿನ ಬೀದಿ ಜಗಳ ನನಗೆ ಎಲ್ಲಕ್ಕಿಂತ ಇಷ್ಟ. ರಾತ್ರಿ ಟಿಮ್ ಮತ್ತು ಡೇಸಿಯನ್ನು ಪುಂಡ ಹುಡುಗರ ಗುಂಪೊಂದು ಅಡ್ಡಹಾಕುತ್ತದೆ. ಇವರು ಬೆರಳನ್ನೇ ಪಿಸ್ತೂಲು ಮಾಡಿಕೊಂಡು ಗುಂಡು ಹಾರಿಸುತ್ತಾರೆ. ಅಷ್ಟೇ, ಆ ಹುಡುಗರೂ ಆಟಕ್ಕೆ ಇಳಿದುಬಿಡುತ್ತಾರೆ! ಸ್ಲೋ ಮೋಷನ್, ಗುಂಡಿನ ಸದ್ದು, ಬೀಳುವುದು, ಸಾಯುವುದು, ಎಲ್ಲವೂ ಇದೆ. ಇಲ್ಲದಿರುವುದು ಪಿಸ್ತೂಲು ಮಾತ್ರ. ಒಂದು ಸಲ ಸೌಂಡ್ ಮ್ಯೂಟ್ ಮಾಡಿ ಇದನ್ನು ನೋಡಿ. ಎಡಿಟಿಂಗ್ ಅಂದರೆ ಏನು ಅಂತ ಹೊಸಬರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ನನ್ನ ಹತ್ತಿರ ಇಲ್ಲ.

ಸಿನಿಮಾಗಳನ್ನು ಅನುಕರಿಸುವ ತಮಾಷೆ ಅಷ್ಟೇ ಇದು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಎರಡನೇ ಸೀಸನ್ ಮುಗಿಯುವ ಹೊತ್ತಿಗೆ ಜೋಡಿಯ ಸುಳ್ಳು ಮಾರ್ಷಾಗೆ ಗೊತ್ತಾಗುತ್ತದೆ. ಅಲ್ಲಿ ಅವಳು ನಗೆಪಾಟಲಿನ ಓನರ್ ಆಗಿ ಉಳಿಯುವುದಿಲ್ಲ. ಇವರನ್ನು ನಿಜವಾಗಿ ಹಚ್ಚಿಕೊಂಡಿದ್ದ ಒಂಟಿ ಹೆಂಗಸು ಅವಳು. ಬಾಡಿಗೆಗೋಸ್ಕರ ಹೇಳಿದ ಸುಳ್ಳು ಅವಳಿಗೆ ಎಷ್ಟು ನೋವು ಕೊಟ್ಟಿತು ಅನ್ನುವುದನ್ನು ಮಾರ್ಷಾ ಆಗಿರುವ ಜೂಲಿಯಾ ಡೀಕಿನ್ ಮುಖದಲ್ಲೇ ತೋರಿಸುತ್ತಾರೆ. ಅದುವರೆಗೆ ಓಡುತ್ತಿದ್ದ ಕಟ್‌ಗಳು ಅಲ್ಲಿ ನಿಧಾನವಾಗುತ್ತವೆ. ಎಲ್ಲಿ ಕತ್ತರಿಸಬಾರದು ಅಂತ ತಿಳಿದವರ ಕೆಲಸ ಅದು.

ಡಿವಿಡಿ ಯಾಕೆ ಅಂತೀರಾ? ಬ್ರಿಟನ್ನಿನ ಬಾಕ್ಸ್ ಸೆಟ್‌ನಲ್ಲಿ 'ಹೋಮಾಜ್-ಓ-ಮೀಟರ್' ಅನ್ನುವ ಸಬ್‌ಟೈಟಲ್ ಇದೆ. ಅದನ್ನು ಆನ್ ಮಾಡಿದರೆ ಯಾವ ಶಾಟ್ ಯಾವ ಸಿನಿಮಾಗೆ ನಮಸ್ಕಾರ ಹಾಕುತ್ತಿದೆ ಅಂತ ಪರದೆಯ ಮೇಲೆ ಬರುತ್ತಾ ಹೋಗುತ್ತದೆ. ಬರೆದವರು, ನಿರ್ದೇಶಕ, ನಟರು ಕೂತು ಮಾತಾಡುವ ಕಾಮೆಂಟರಿ ಇದೆ. 'ಸ್ಕಿಪ್ ಟು ದಿ ಎಂಡ್' ಅನ್ನುವ ಸಾಕ್ಷ್ಯಚಿತ್ರವೂ ಇದೆ. ಮೂರನೇ ಸೀಸನ್ ಬರಲೇ ಇಲ್ಲ ಅಂತ ಕೊರಗುವವರು ಅದನ್ನು ಕೊನೆಯವರೆಗೆ ನೋಡಲೇಬೇಕು. ಯಾಕೆ ಅಂತ ಹೇಳುವುದಿಲ್ಲ.

ಅಮೆರಿಕದವರು ಈ ಡಿಸ್ಕ್‌ಗಾಗಿ 2008ರ ಜುಲೈವರೆಗೆ ಕಾದರು. ಎಪಿಸೋಡುಗಳ ತುಂಬ ಹಾಡುಗಳಿವೆ. ಅವುಗಳ ಹಕ್ಕನ್ನು ಅಲ್ಲಿಗೂ ಪಡೆಯಬೇಕಿತ್ತು. ಹಾಡು ಬದಲಾಯಿಸಿ ಬೇಗ ತರಬಹುದಿತ್ತಲ್ಲ ಅನ್ನಬೇಡಿ. ಹಾಡಿನ ತಾಳಕ್ಕೇ ಕಟ್ ಕೂರಿಸಿದ ಸೀನಿನಲ್ಲಿ ಹಾಡು ತೆಗೆದರೆ ಸೀನೇ ಸತ್ತುಹೋಗುತ್ತದೆ. ಆ ಸೆಟ್‌ಗೆ ಕ್ವೆಂಟಿನ್ ಟ್ಯಾರಂಟಿನೊ, ಕೆವಿನ್ ಸ್ಮಿತ್ ಥರದ ಅಮೆರಿಕನ್ ನಿರ್ದೇಶಕರೂ ಬಂದು ಕಾಮೆಂಟರಿ ಕೊಟ್ಟಿದ್ದಾರೆ. ಅದೇ ಹೊತ್ತಿನಲ್ಲಿ ಅಲ್ಲಿನ ಫಾಕ್ಸ್ ಚಾನೆಲ್‌ಗೆ ಅಂತ ಇದರ ಅಮೆರಿಕನ್ ಪೈಲಟ್ (ಪರೀಕ್ಷೆಗೆ ಮಾಡುವ ಮೊದಲ ಎಪಿಸೋಡ್) ಒಂದು ತಯಾರಾಯಿತು, ಪೆಗ್, ಸ್ಟೀವನ್ಸನ್, ರೈಟ್ ಯಾರನ್ನೂ ಸೇರಿಸಿಕೊಳ್ಳದೆ. ಅದು ಮುಂದೆ ಹೋಗಲಿಲ್ಲ. ಹೋಗದಿದ್ದದ್ದೇ ಒಳ್ಳೆಯದಾಯಿತು.

ನನ್ನ ಸೆಟ್ ತಮ್ಮ ಲಂಡನ್ನಿನಿಂದ ಬರುವಾಗ ತಂದುಕೊಟ್ಟದ್ದು. ನೀವೂ ಯಾರಿಗಾದರೂ ಹೇಳಿ ತರಿಸುವುದಾದರೆ ಒಂದು ಮಾತು ನೆನಪಿರಲಿ. ಡಿವಿಡಿ ಯಾವ ದೇಶಗಳ ಪ್ಲೇಯರಿನಲ್ಲಿ ಓಡಬೇಕು ಅನ್ನುವುದಕ್ಕೆ ರೀಜನ್ ನಂಬರ್ ಇರುತ್ತದೆ: ಬ್ರಿಟನ್ನಿನ ಡಿಸ್ಕ್ ರೀಜನ್ 2, ನಮ್ಮದು ರೀಜನ್ 5. ಎಲ್ಲ ರೀಜನ್ ಓದುವ ಪ್ಲೇಯರ್ ಇದ್ದರೆ ತೊಂದರೆಯಿಲ್ಲ. ಕಂಪ್ಯೂಟರಿನ ಡ್ರೈವ್ ಆದರೆ ರೀಜನ್ ಸೆಟ್ಟಿಂಗ್ ಐದು ಸಲ ಮಾತ್ರ ಬದಲಾಯಿಸಬಹುದು, ಆಮೇಲೆ ಲಾಕ್ ಆಗುತ್ತದೆ.

ಮೊದಲ ಸಲ ಹೋಮಾಜ್-ಓ-ಮೀಟರ್ ಆಫ್ ಇಟ್ಟು, 14 ಎಪಿಸೋಡುಗಳನ್ನೂ ಸುಮ್ನೆ ನೋಡಿಬಿಡಿ. ಎರಡನೇ ಸಲ ಅದನ್ನು ಆನ್ ಮಾಡಿ. ಮೂರನೇ ಸಲ ಕಾಮೆಂಟರಿ. ಎಡಿಟಿಂಗ್ ಕಲಿಯುವವರಾದರೆ ನಾಲ್ಕನೇ ಸಲ ಒಂದು ನೋಟ್‌ಬುಕ್ ಇಟ್ಟುಕೊಂಡು, 'ಗಾನ್'ನ ಆ ಬೀದಿ ಜಗಳವನ್ನು ಶಾಟ್ ಶಾಟ್ ಬರೆದುಕೊಳ್ಳಿ. ಬರೆದದ್ದನ್ನು ಕಾಮೆಂಟಿನಲ್ಲಿ ಹಾಕಿದರೆ ನಾನೂ ಓದುತ್ತೇನೆ.