ಎರಡು ಕಡೆ ಸೀಟು ಸಿಕ್ಕಿದೆ, ಯಾವುದಕ್ಕೆ ಸೇರಲಿ?

ಪ್ರತಿ ವರ್ಷ ಏಪ್ರಿಲ್ ಮುಗಿಯುವ ಹೊತ್ತಿಗೆ ನನ್ನ ಫೋನಿಗೆ ಒಂದೇ ಥರದ ಮೆಸೇಜು ಬರಲು ಶುರುವಾಗುತ್ತದೆ. "ಅಣ್ಣಾ, ಎಂಬಿಎಗೆ ಎರಡು ಕಡೆ ಸೀಟು ಸಿಕ್ಕಿದೆ. ಯಾವುದಕ್ಕೆ ಸೇರಲಿ?" ಕಳಿಸುವವರು ಅಕ್ಕನ ಮಗನ ಗೆಳೆಯ, ಹಳೇ ಆಫೀಸಿನ ಹುಡುಗಿ, ದಾವಣಗೆರೆಯ ನಮ್ಮ ಬೀದಿಯವರು, ಹೀಗೆ ಯಾರಾದರೂ. ಮೆಸೇಜಿನಲ್ಲಿ ಎರಡು ಕಾಲೇಜಿನ ಹೆಸರು, ಎರಡರ ಸರಾಸರಿ ಪ್ಯಾಕೇಜು (ಅಲ್ಲಿ ಓದಿ ಮುಗಿಸಿದವರಿಗೆ ಸಿಕ್ಕ ವರ್ಷದ ಸಂಬಳ) ಇರುತ್ತದೆ. ಕಳಿಸಿದವರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಇಬ್ಬರು ಗಂಡುಗಳ ಜಾತಕ ಕಳಿಸಿ, ಹುಡುಗಿಯ ಜಾತಕ ಮಾತ್ರ ಕಳಿಸದೆ, "ಯಾವುದು ಕೂಡಿ ಬರುತ್ತೆ ನೋಡಿ" ಅಂದ ಹಾಗೆ.

ಹಾಗಾಗಿ ನಾನು ವಾಪಸ್ ಒಂದು ಪ್ರಶ್ನೆ ಕೇಳುತ್ತೇನೆ. ಎಂಬಿಎ ಮುಗಿದ ಮೇಲೆ, ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ನೀವು ಏನು ಮಾಡುತ್ತಾ ಇರಬೇಕು? "ಮ್ಯಾನೇಜರ್ ಆಗಿರಬೇಕು" ಅನ್ನುತ್ತಾರೆ. ಅದು ಹುದ್ದೆ. ನಾನು ಕೇಳಿದ್ದು ಕೆಲಸ. ಎಕ್ಸೆಲ್ ಶೀಟಿನಲ್ಲಿ ಯಾವುದೋ ಕಂಪನಿಯ ಬೆಲೆ ಕಟ್ಟುತ್ತಾ ಇರಬೇಕಾ? ಫ್ಯಾಕ್ಟರಿಯ ಯೂನಿಯನ್ ಮುಖಂಡರ ಎದುರು ಕೂತಿರಬೇಕಾ? ಹಾವೇರಿಯ ಡೀಲರ್ ಜೊತೆ ಸ್ಟಾಕಿನ ಬಗ್ಗೆ ಜಗಳ ಆಡುತ್ತಿರಬೇಕಾ? ಇಲ್ಲಿ ಬಹಳ ಜನ ಸುಮ್ಮನಾಗಿಬಿಡುತ್ತಾರೆ.

ಅವರನ್ನು ಬೈಯುವ ಹಕ್ಕು ನನಗಿಲ್ಲ. ನನಗೆ ಉತ್ತರ ಗೊತ್ತಿತ್ತು, ಆದರೂ ಎಡವಿದೆ.

ಅಪ್ಪನದು ಕಿರಾಣಿ ಹೋಲ್‌ಸೇಲ್ ಅಂಗಡಿ. ಸೋಪು, ಶಾಂಪೂ ಕಂಪನಿಯವರು ಬಂದು ಕೂತು ಮಾತಾಡುತ್ತಿದ್ದರು. ಯಾವ ಊರಿಗೆ ಎಷ್ಟು ಬಾಕ್ಸು ಹೋಯಿತು, ದೊಡ್ಡ ಬಾಟಲಿ ಕೇಳದ ಕಡೆ ಒಂದು ರೂಪಾಯಿಯ ಸ್ಯಾಶೆ ಯಾಕೆ ಓಡುತ್ತೆ, ಯಾವ ಅಂಗಡಿಯವನು ಬಾಕಿ ಉಳಿಸಿಕೊಂಡಿದ್ದಾನೆ. ನನಗೆ ಆ ಮಾತುಗಳ ಹುಚ್ಚು. ಎಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಮೂರು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದಾಗಲೂ ತಲೆಯಲ್ಲಿ ಇದ್ದದ್ದು ಅದೇ. ಎಂಬಿಎಗೆ ಅರ್ಜಿ ಹಾಕಿದ್ದೂ ಅದಕ್ಕೇ. ಎರಡು ಕಡೆಯಿಂದ ಪತ್ರ ಬಂತು. ಒಂದು ಚಿಕ್ಕದು, ಮಾರ್ಕೆಟಿಂಗಿಗೆ ಹೆಸರಾದದ್ದು. ಇನ್ನೊಂದು ಹೆಸರಿನಲ್ಲಿ ದೊಡ್ಡದು, ಸರಾಸರಿ ಪ್ಯಾಕೇಜು ಎರಡು ಲಕ್ಷ ಜಾಸ್ತಿ. ದೊಡ್ಡದಕ್ಕೆ ಸೇರಿದೆ. ಸಂಬಂಧಿಕರಿಗೆ ಹೇಳಲು ಹೆಸರು ಚೆನ್ನಾಗಿತ್ತು, ಇನ್ನೇನು.

ಅಲ್ಲಿ ದಿನಬಳಕೆ ಸಾಮಾನಿನ ಕಂಪನಿಗಳು ಬರುತ್ತಿದ್ದದ್ದು ಬೆರಳೆಣಿಕೆಯಷ್ಟು. ಬಂದವರೂ ಹತ್ತನೇ ತರಗತಿಯಿಂದಲೂ ತೊಂಬತ್ತರ ಮೇಲೆ ಅಂಕ ತೆಗೆದವರನ್ನೇ ಪಟ್ಟಿ ಮಾಡಿ ಕರೆದರು. ಐಟಿಯಿಂದ ಬಂದ ನನ್ನಂಥವರನ್ನು ಯಾರು ಕರೆದರು ಅಂತೀರಾ? ಐಟಿ ಕಂಪನಿಗಳೇ. ಬಿಟ್ಟು ಬಂದ ಕೆಲಸಕ್ಕೇ ಕೊರಳಿಗೆ ಟೈ ಕಟ್ಟಿಕೊಂಡು ವಾಪಸ್ ಹೋದೆ, ತಲೆ ಮೇಲೆ ಸಾಲ ಹೊತ್ತುಕೊಂಡು. ಅಲ್ಲಿಂದ ಒಂದು ತಿಂಡಿ ತಿನಿಸಿನ ಕಂಪನಿಯ ಸೇಲ್ಸಿಗೆ ನುಸುಳಲು ಮತ್ತೆ ಮೂರು ವರ್ಷ ಬೇಕಾಯಿತು. ಕಾಲೇಜು ನನಗೆ ಸುಳ್ಳು ಹೇಳಿರಲಿಲ್ಲ. ನಾನು ಕೇಳಬೇಕಾದ್ದನ್ನು ಕೇಳಿರಲಿಲ್ಲ ಅಷ್ಟೆ.

ಕೇಳಬೇಕಾಗಿದ್ದು ಇದು: ನನ್ನ ಥರದವರು ಅಲ್ಲಿಂದ ಎಲ್ಲಿಗೆ ಹೋದರು?

ಈಗ ನಾನು ಎಲ್ಲರಿಗೂ ಕೊಡುವ ಮನೆಗೆಲಸ ಇದೇ. ಎರಡೂ ಕಾಲೇಜಿನಲ್ಲಿ ಎರಡು ಮೂರು ವರ್ಷ ಹಿಂದೆ ಓದಿ ಮುಗಿಸಿದವರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ. ಪೋಸ್ಟರಿನಲ್ಲಿ ಫೋಟೋ ಇರುವವರನ್ನಲ್ಲ. ನಿಮ್ಮದೇ ಡಿಗ್ರಿ, ನಿಮ್ಮಷ್ಟೇ ಅನುಭವ, ಹೆಚ್ಚು ಕಡಿಮೆ ನಿಮ್ಮಷ್ಟೇ ಅಂಕ ಇದ್ದವರನ್ನು. ಒಂದೊಂದು ಕಡೆ ಐದು ಜನ ಸಾಕು. ಅವರು ಈಗ ಮಾಡುತ್ತಿರುವ ಕೆಲಸ ನಿಮಗೆ ಬೇಕಾದದ್ದಾ ನೋಡಿ. ಒಂದಿಬ್ಬರಿಗಾದರೂ ಫೋನ್ ಮಾಡಿ. ಬ್ಯಾಚಿನಲ್ಲಿ ಕೊನೆಗೆ ಕೆಲಸ ಸಿಕ್ಕವರ ಕಥೆ ಏನಾಯಿತು ಅಂತಲೂ ಕೇಳಿ. ಆ ಪ್ರಶ್ನೆಗೆ ಬರುವ ಮೌನವೂ ಒಂದು ಉತ್ತರವೇ, ಅಲ್ವಾ?

ಒಂದೊಂದು ಕಾಲೇಜಿಗೂ ಒಂದೊಂದು ವಾಲುವಿಕೆ ಇರುತ್ತದೆ. ಅದನ್ನು ರ್ಯಾಂಕಿಂಗ್ ಪಟ್ಟಿ ಹೇಳುವುದಿಲ್ಲ. ಜಮ್‌ಶೆಡ್‌ಪುರದ ಎಕ್ಸ್‌ಎಲ್‌ಆರ್‌ಐ ಅನ್ನುವ ಮ್ಯಾನೇಜ್‌ಮೆಂಟ್ ಕಾಲೇಜನ್ನೇ ತೆಗೆದುಕೊಳ್ಳಿ. 1949ರಲ್ಲಿ ಜೆಸ್ಯೂಟ್ ಪಾದ್ರಿಗಳು ಟಾಟಾ ಉಕ್ಕಿನ ಊರಿನಲ್ಲಿ ಶುರು ಮಾಡಿದ್ದು, ಕೇಂದ್ರ ಸರ್ಕಾರದ ಮ್ಯಾನೇಜ್‌ಮೆಂಟ್ ಸಂಸ್ಥೆಗಳಾದ ಐಐಎಂಗಳಲ್ಲಿ ಮೊದಲನೆಯವಕ್ಕಿಂತ ಹನ್ನೆರಡು ವರ್ಷ ಹಳೆಯದು. ಕಾರ್ಮಿಕರು, ಆಡಳಿತ, ಇಬ್ಬರ ನಡುವಿನ ಮಾತುಕತೆ, ಇದು ಆ ಊರಿನ ಮಣ್ಣಿನಲ್ಲೇ ಇದೆ. ಎಚ್‌ಆರ್, ಅಂದರೆ ನೌಕರರ ವಿಷಯ ನೋಡಿಕೊಳ್ಳುವ ಕೆಲಸ ಬೇಕು ಅನ್ನುವವರಿಗೆ ನಾನು ಕಣ್ಣು ಮುಚ್ಚಿ ಹೇಳುವ ಹೆಸರು ಅದು. ಕೋಲ್ಕತ್ತಾದ ಐಐಎಂ ಅಂದರೆ ಫೈನಾನ್ಸು, ಲೆಕ್ಕ ಅನ್ನುವ ಮಾತಿದೆ. ಶುರುವಿನಲ್ಲಿ ಅದಕ್ಕೆ ಅಮೆರಿಕದ ಎಂಐಟಿಯ ಸಹಾಯ ಇತ್ತು. ಅಹಮದಾಬಾದಿನದಕ್ಕೆ ಹಾರ್ವರ್ಡ್ ನೆರವಾಗಿತ್ತು, ಕೇಸ್, ಅಂದರೆ ಯಾವುದೋ ಕಂಪನಿ ಎದುರಿಸಿದ ಸಮಸ್ಯೆ ಇಟ್ಟುಕೊಂಡು ಚರ್ಚೆ ಮಾಡಿಸಿ ಪಾಠ ಮಾಡುವ ಪದ್ಧತಿ ಬಂದದ್ದು ಅಲ್ಲಿಂದ. ನಮ್ಮ ಬೆಂಗಳೂರಿನ ಐಐಎಂನಲ್ಲಿ ಸ್ಟಾರ್ಟಪ್ ಬೆಳೆಸಲೆಂದೇ ಒಂದು ಕೇಂದ್ರ ಇದೆ, ಇನ್ಫೋಸಿಸ್ ಕಟ್ಟಿದವರಲ್ಲಿ ಒಬ್ಬರಾದ ಎನ್. ಎಸ್. ರಾಘವನ್ ಅವರ ಹೆಸರಿನದು. (ಬನ್ನೇರುಘಟ್ಟ ರಸ್ತೆಯ ಆ ಕಲ್ಲಿನ ಪಡಸಾಲೆಗಳನ್ನು ಬಿ. ವಿ. ದೋಶಿ ವಿನ್ಯಾಸ ಮಾಡಿದ್ದು. ಅವನ್ನು ನೋಡಿಯೇ ಸೇರಬೇಕು ಅನಿಸಿದರೆ ತಪ್ಪೇನಿಲ್ಲ. ನನಗೂ ಅನಿಸಿತ್ತು, ಸೀಟು ಸಿಗಲಿಲ್ಲ.)

ನನಗೆ ಹೊಟ್ಟೆ ಉರಿಸುವುದು ಇನ್ನೊಂದು ಥರದ ತಪ್ಪು. ಹಳ್ಳಿ, ರೈತರು, ಸಹಕಾರ ಸಂಘ ಅಂತ ಮಾತಾಡುವ ಹುಡುಗ ಹೋಗಿ ಯಾವುದೋ ಮಧ್ಯಮ ದರ್ಜೆಯ ಸಾಮಾನ್ಯ ಎಂಬಿಎ ಸೇರುತ್ತಾನೆ. ಗುಜರಾತಿನ ಆನಂದ್‌ನಲ್ಲಿ ಅಮುಲ್‌ನ ವರ್ಗೀಸ್ ಕುರಿಯನ್ 1979ರಲ್ಲಿ ಇರ್ಮಾ ಅನ್ನುವ ಗ್ರಾಮೀಣ ಮ್ಯಾನೇಜ್‌ಮೆಂಟ್ ಕಾಲೇಜು ಕಟ್ಟಿದ್ದೇ ಇಂಥವರಿಗಾಗಿ. ಅಲ್ಲಿ ಹಳ್ಳಿಯಲ್ಲಿ ಹೋಗಿ ಉಳಿಯುವುದೂ ಪಾಠದ ಭಾಗ. ನಮ್ಮ ನಂದಿನಿ ಕೂಡ ಆನಂದ್‌ನ ಹಾಲಿನ ಸಹಕಾರ ಸಂಘಗಳ ಮಾದರಿಯಲ್ಲೇ ಬೆಳೆದದ್ದು, ಆದರೂ ನಮ್ಮ ಕಡೆಯ ಹುಡುಗರಿಗೆ ಆ ಕಾಲೇಜಿನ ಹೆಸರು ಗೊತ್ತಿರುವುದು ಕಡಿಮೆ. ಜಾಹೀರಾತು, ಬ್ರ್ಯಾಂಡು ಅನ್ನುವವರಿಗೆ ಅಹಮದಾಬಾದಿನ ಮೈಕಾ ಇದೆ, 1991ರಲ್ಲಿ ಮುದ್ರಾ ಜಾಹೀರಾತು ಸಂಸ್ಥೆಯೇ ಹುಟ್ಟುಹಾಕಿದ್ದು. ಮಣಿಪಾಲದ ಟ್ಯಾಪ್ಮಿಯಲ್ಲಿ ಬ್ಯಾಂಕಿಂಗಿಗೇ ಬೇರೆ ಕೋರ್ಸಿದೆ. ಅಷ್ಟೊಂದು ಬ್ಯಾಂಕುಗಳನ್ನು ಹೆತ್ತ ಕರಾವಳಿಯಲ್ಲಿ ಇರದೆ ಇನ್ನೆಲ್ಲಿರಬೇಕು?

ಇನ್ನು ಸರಾಸರಿ ಪ್ಯಾಕೇಜಿನ ಮಾತು. ಹತ್ತು ಜನರಲ್ಲಿ ಒಂಬತ್ತು ಜನರಿಗೆ 12 ಲಕ್ಷ, ಒಬ್ಬನಿಗೆ 92 ಲಕ್ಷ ಸಿಕ್ಕಿತು ಅಂದುಕೊಳ್ಳಿ. ಸರಾಸರಿ 20 ಲಕ್ಷ! ಇಪ್ಪತ್ತು ಸಿಕ್ಕವನು ಒಬ್ಬನೂ ಇಲ್ಲ. ಅದಕ್ಕೇ ಮೀಡಿಯನ್ ಕೇಳಿ, ಅಂದರೆ ಸಾಲಿನ ನಡುವೆ ನಿಂತವನ ಸಂಬಳ. ಸಿಟಿಸಿ (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಅನ್ನುವುದರಲ್ಲಿ ಪಿಎಫ್, ಗ್ರಾಚ್ಯುಟಿ, ಸೇರುವಾಗ ಒಂದೇ ಸಲ ಕೊಡುವ ಬೋನಸ್, ಟಾರ್ಗೆಟ್ ಮುಟ್ಟಿದರೆ ಮಾತ್ರ ಬರುವ ದುಡ್ಡು ಎಲ್ಲ ಸೇರಿರುತ್ತದೆ. ಯಾರಿಗೆ ಎಂಥ ಕೆಲಸ, ಎಷ್ಟು ಸಂಬಳ ಸಿಕ್ಕಿತು ಅಂತ ಹೇಳುವ ಪ್ಲೇಸ್‌ಮೆಂಟ್ ವರದಿ ಹೀಗೇ ಇರಬೇಕು ಅಂತ ಅಹಮದಾಬಾದ್ ಐಐಎಂ ಮುಂದೆ ನಿಂತು ಒಂದು ಮಾದರಿ ಮಾಡಿತು, ಐಪಿಆರ್‌ಎಸ್ ಅಂತ. ಅದರ ಪ್ರಕಾರ ಆಡಿಟ್ ಆದ ವರದಿ ಇದ್ದರೆ ನಂಬಬಹುದು. ಇಲ್ಲದಿದ್ದರೆ ಆ ಅಂಕಿಗಳನ್ನು ಚುನಾವಣೆ ಪ್ರಣಾಳಿಕೆ ಓದಿದ ಹಾಗೆ ಓದಿ.

ಸಾಲದ ಲೆಕ್ಕವನ್ನೂ ಈಗಲೇ ಹಾಕಿ. 20 ಲಕ್ಷ ಸಾಲ, ಶೇ. 9 ಬಡ್ಡಿ, ಏಳು ವರ್ಷ ಅಂದರೆ ತಿಂಗಳಿಗೆ ಸುಮಾರು 32,000 ರೂಪಾಯಿ ಕಂತು. ಓದುವಾಗ ಬೆಳೆಯುವ ಬಡ್ಡಿ ಬೇರೆ. ಈ ಕಂತು ಇರುವವರೆಗೆ ಸಂಬಳ ಕಡಿಮೆಯಾದರೂ ಇಷ್ಟದ ಕೆಲಸ ಅನ್ನುವ ಮಾತು ಬಾಯಿಗೆ ಬರುವುದಿಲ್ಲ, ಅನುಭವಿಸಿ ಹೇಳುತ್ತಿದ್ದೇನೆ. ದೆಹಲಿ ವಿಶ್ವವಿದ್ಯಾಲಯದ ಎಫ್‌ಎಂಎಸ್ ಥರ ಫೀಸು ತೀರಾ ಕಡಿಮೆ ಇರುವ ಒಳ್ಳೆ ಕಾಲೇಜು ಸಿಕ್ಕಿದವರು ನನ್ನನ್ನು ಕೇಳುವುದೇ ಬೇಡ. ಹುಬ್ಬಳ್ಳಿಯಲ್ಲಿ ಅಪ್ಪನ ಹಾರ್ಡ್‌ವೇರ್ ಅಂಗಡಿ ನೋಡಿಕೊಳ್ಳಲು ವಾಪಸ್ ಹೋಗುವ ಹುಡುಗನಿಗೂ ಇಷ್ಟು ಸಾಲ ಯಾಕೆ? ನಮ್ಮ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ನಮ್ಮದೇ ವಿಶ್ವವಿದ್ಯಾಲಯದಲ್ಲಿ ಓದಲಿ, ಉಳಿದ ದುಡ್ಡು ಗೋದಾಮಿಗೆ ಹಾಕಲಿ.

ಐದಾರು ವರ್ಷ ಕೆಲಸ ಮಾಡಿದವರು ಹೈದರಾಬಾದಿನ ಐಎಸ್‌ಬಿ ಥರದ ಒಂದು ವರ್ಷದ ಕೋರ್ಸು ನೋಡುತ್ತಾರೆ. ಇರುವ ದಾರಿಯಲ್ಲೇ ಮೇಲೆ ಹತ್ತುವುದಾದರೆ ಸರಿ. ದಾರಿಯನ್ನೇ ಬದಲಿಸುವುದಾದರೆ ಎರಡು ವರ್ಷದ್ದು ವಾಸಿ. ನಡುವೆ ಎರಡು ತಿಂಗಳ ಸಮ್ಮರ್ ಇಂಟರ್ನ್‌ಶಿಪ್ ಇರುತ್ತದೆ. ಹೊಸ ಕೆಲಸಕ್ಕೆ ಕಾಲಿಡಲು ಅದೇ ಬಾಗಿಲು.

ಕೊನೆಗೆ ಎಲ್ಲರೂ ಮೆಲ್ಲಗೆ ಕೇಳುವ ಒಂದು ಪ್ರಶ್ನೆ ಇದೆ. "ನಾನು ಕನ್ನಡ ಮೀಡಿಯಮ್. ಅಲ್ಲಿ ಹೊಂದಿಕೊಳ್ತೀನಾ?" ಕೇಸ್ ಪದ್ಧತಿಯ ಕ್ಲಾಸಿನಲ್ಲಿ ಬಾಯಿ ಬಿಟ್ಟದ್ದಕ್ಕೂ ಮಾರ್ಕ್ಸ್ ಇರುತ್ತದೆ. ಮೊದಲ ಟರ್ಮಿನಲ್ಲಿ ನಾನು ವಾಕ್ಯವನ್ನು ಮನಸ್ಸಿನಲ್ಲಿ ಇಂಗ್ಲಿಷಿಗೆ ಜೋಡಿಸಿಕೊಳ್ಳುವಷ್ಟರಲ್ಲಿ ಚರ್ಚೆ ಮುಂದಿನ ಬೀದಿಗೆ ಹೋಗಿರುತ್ತಿತ್ತು. ಆಮೇಲೆ ಒಂದು ಉಪಾಯ ಮಾಡಿದೆ. ಕ್ಲಾಸು ಶುರುವಾದ ಹತ್ತು ನಿಮಿಷದೊಳಗೆ, ಬೇರೆಯವರು ಬಿಸಿಯಾಗುವ ಮೊದಲು, ಅಂಗಡಿಯ ಅನುಭವದಿಂದ ಒಂದು ಮಾತು ಹೇಳಿ ಕೂತುಬಿಡುವುದು. ಸ್ಯಾಶೆಯ ಕಥೆಯನ್ನು ಎಷ್ಟು ಸಲ ಹೇಳಿದೆನೋ. ಹಾಗಾಗಿ ಭಾಷೆಗೆ ಹೆದರಿ ಕಾಲೇಜು ಬಿಡಬೇಡಿ ಅನ್ನುತ್ತೇನೆ. ಆದರೆ ಬ್ಯಾಚಿನ ಗಾತ್ರ ನೋಡಿ. ನಾನೂರು ಜನರ ನಡುವೆ ಕಳೆದುಹೋಗುವ ಸ್ವಭಾವ ನಿಮ್ಮದಾದರೆ ನೂರಿಪ್ಪತ್ತು ಜನರ ಕಾಲೇಜು ಕೆಟ್ಟದ್ದೇನಲ್ಲ.

ಕಳೆದ ವಾರ ಗದಗದ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಬಿಕಾಂ, ಎರಡು ವರ್ಷ ಒಂದು ಗಾರ್ಮೆಂಟ್ ಫ್ಯಾಕ್ಟರಿಯ ಎಚ್‌ಆರ್‌ನಲ್ಲಿ ಕೆಲಸ. ಒಂದು ಕಡೆ ಎಚ್‌ಆರ್ ಕೋರ್ಸು, ಇನ್ನೊಂದು ಕಡೆ ಹೆಸರಿರುವ ಸಾಮಾನ್ಯ ಎಂಬಿಎ. ಮನೆಗೆಲಸ ಕೊಟ್ಟೆ. ನಿನ್ನೆ ಮೆಸೇಜು ಬಂತು. ಹತ್ತು ಜನರಿಗೆ ಬರೆದಿದ್ದಾಳೆ, ನಾಲ್ವರು ಉತ್ತರ ಕೊಟ್ಟಿದ್ದಾರೆ. ಅವರಲ್ಲಿ ಸಾಮಾನ್ಯ ಎಂಬಿಎ ಮಾಡಿದ ಇಬ್ಬರೂ ಈಗ ಬ್ಯಾಂಕಿನಲ್ಲಿ ಸಾಲ ಮಾರುತ್ತಿದ್ದಾರಂತೆ. ಶುಕ್ರವಾರದೊಳಗೆ ಫೀಸಿನ ಮೊದಲ ಕಂತು ಕಟ್ಟಬೇಕು, ಅಪ್ಪನಿಗೆ ಇನ್ನೂ ದೊಡ್ಡ ಹೆಸರಿನ ಮೇಲೇ ಕಣ್ಣು. "ನೀವೇ ಒಂದು ಮಾತು ಅಪ್ಪನಿಗೆ ಹೇಳ್ತೀರಾ?" ಅಂತ ಕೇಳಿದ್ದಾಳೆ. ಸಂಜೆ ಫೋನ್ ಮಾಡಬೇಕು.