ಮೆಕಾಲೆ ಆ ದಿನ ಎಲ್ಲಿದ್ದ?

ಬ್ರಿಟಿಷ್ ಅಧಿಕಾರಿ ಮೆಕಾಲೆ ಹೇಳಿದ್ದು ಅಂತ ನೆಟ್ಟಲ್ಲಿ ಓಡಾಡೋ ಮಾತು ನಿಜವಾ ಅಂತ ಶಾಲೆಯಲ್ಲಿ ಪ್ರತಿ ಶನಿವಾರ ಮಕ್ಕಳ ಜೊತೆ ಹುಡುಕ್ತಿದ್ದೆ. ಕೊನೆಗೂ ಗಂಟು ಬಿಚ್ಚಿತು!  ಎಚ್‌ಡಿಎಂಐ ಕೇಬಲ್ ಕೇಳಿದರೆ ಅಂಗಡಿಯವರು ವಿಜಿಎ ಕಟ್ಟಿ ಕಳಿಸಿದ್ದಾರೆ, ವಾಪಸ್ ತಗೊಳ್ಳೋಕೂ ತಯಾರಿಲ್ಲ. ಹಾಗಾಗಿ ಪ್ರೊಜೆಕ್ಟರ್ ಇಲ್ಲ, ಒಂದೇ ಲ್ಯಾಪ್‌ಟಾಪ್ ಸುತ್ತ ಒಂಬತ್ತನೇ ತರಗತಿ ಮಕ್ಕಳೆಲ್ಲ ಮುಗಿಬಿದ್ದು ಮಾಡಿದ ಕೆಲಸ ಇದು.

ಕಾಡಿದ್ದು ಮೆಕಾಲೆ ಹೆಸರಿನ ಮಾತು. ಭಾರತದ ಉದ್ದಗಲ ಸುತ್ತಿದೆ, ಒಬ್ಬ ಭಿಕ್ಷುಕನೂ ಕಳ್ಳನೂ ಕಾಣಲಿಲ್ಲ, ಈ ದೇಶದ ಬೆನ್ನೆಲುಬು ಮುರಿಯಬೇಕು ಅಂತ ಅವನು 1835ರ ಫೆಬ್ರವರಿ 2ರಂದು ಬ್ರಿಟಿಷ್ ಸಂಸತ್ತಿನಲ್ಲಿ ಹೇಳಿದನಂತೆ. ನೀವೂ ಫಾರ್ವರ್ಡ್ ನೋಡಿರ್ತೀರಿ, ಅಲ್ವಾ?

ಮೊದಲು ಕ್ಯಾಲಿಫೋರ್ನಿಯಾದ ಚಿಕೋ ವಿಶ್ವವಿದ್ಯಾಲಯದ ಲೈಬ್ರರಿಯಿಂದ 2004ರಲ್ಲಿ ಬಂದ, ಒಂದು ಪುಟವನ್ನು ನಂಬಬಹುದಾ ಅಂತ ಅಳೆಯೋ ಪ್ರಶ್ನೆಪಟ್ಟಿ ಹಿಡಿದೆವು. ಬರೆದವರು ಯಾರು, ಯಾವಾಗ, ಉದ್ದೇಶ ಏನು, ಆ ಥರದ್ದು. ಆ ಮಾತು ಹಾಕಿದ್ದ ಸೈಟು ನೀಟಾಗಿತ್ತು, ಹೆಸರು, ದಿನಾಂಕ, ಫೋಟೋ ಎಲ್ಲ ಇತ್ತು. ಮಕ್ಕಳು ಪೂರ್ತಿ ಅಂಕ ಕೊಟ್ಟರು. ಸರಿ, ಪುಟ ಬಿಟ್ಟು ಹೊಸ ಟ್ಯಾಬ್ ತೆರೆದು ಬೇರೆಯವರು ಏನಂತಾರೆ ನೋಡೋಣ ಅಂದರೆ ಅಲ್ಲೂ ಅದೇ ಸಾಲು, ಅದೇ ಅಲ್ಪವಿರಾಮ. ‘ಇಷ್ಟೊಂದು ಕಡೆ ಇದೆಯಲ್ಲ ಸರ್, ಸುಳ್ಳು ಹೇಗಾಗುತ್ತೆ?’ ಇಲ್ಲಿಗೇ ಪ್ರತಿ ಶನಿವಾರ ಗಾಡಿ ನಿಲ್ತಿತ್ತು.

ಈ ವಾರ ಆ ಮಾತನ್ನು ಪಕ್ಕಕ್ಕಿಟ್ಟು, ಮನುಷ್ಯನನ್ನು ಹುಡುಕಿ ಅಂದೆ. ಆ ದಿನ ಅವನು ಎಲ್ಲಿದ್ದ? 1834ರ ಫೆಬ್ರವರಿಯಲ್ಲಿ ಇಂಗ್ಲೆಂಡಿನಿಂದ ಹಡಗು ಹತ್ತಿದವನು ಜೂನ್‌ನಲ್ಲಿ ಮದ್ರಾಸಿಗೆ ಇಳಿದ. ನಮ್ಮ ಮೈಸೂರು ಸೀಮೆ ಹಾದು ಊಟಿಗೆ ಹೋದ, ಆಮೇಲೆ ಕಲ್ಕತ್ತಾ. 1835ರ ಫೆಬ್ರವರಿ 2ರ ದಿನಾಂಕ ಹೊತ್ತಿರೋದು ಭಾರತದಲ್ಲಿ ಅವನು ಬರೆದ ಶಿಕ್ಷಣದ ಟಿಪ್ಪಣಿ! ‘ಅಲ್ಲೂ ಇಲ್ಲೂ ಒಂದೇ ದಿನ ಇರೋಕೆ ಅವನೇನು ನಾರದನಾ?’ ಅಂದಳು ಒಬ್ಬಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಅಷ್ಟಕ್ಕೇ ಬಿಡದ ಹುಡುಗ ಒಬ್ಬ ಬ್ರಿಟಿಷ್ ಸಂಸತ್ತಿನ ನಡಾವಳಿ, ಅಂದರೆ ಹ್ಯಾನ್ಸಾರ್ಡ್ ತೆರೆದ. 1835ರ ಮೇಲೆ ಒತ್ತಿದ. ಫೆಬ್ರವರಿ 2ಕ್ಕೆ ಏನೂ ಇಲ್ಲ. ಯಾಕೆ ಅಂತ ಕೆದಕಿದರೆ, ಆಗ ಅಲ್ಲಿ ಚುನಾವಣೆ. ಹೊಸ ಸಂಸತ್ತು ಸೇರಿದ್ದೇ ಫೆಬ್ರವರಿ 19ಕ್ಕೆ. ಆ ಖಾಲಿ ಜಾಗ ನೋಡಿ ಅವನ ಮುಖ ಅರಳಿದ್ದು ನೋಡಬೇಕಿತ್ತು.

ಹಾಗಾದ್ರೆ ಮೆಕಾಲೆ ಒಳ್ಳೆಯವನು ಅನ್ನೋ ಗುಸುಗುಸು ಶುರುವಾಯಿತು. ಅಸಲಿ ಟಿಪ್ಪಣಿ ಓದಿಸಿದೆ. ಒಳ್ಳೆಯ ಯುರೋಪಿಯನ್ ಲೈಬ್ರರಿಯ ಒಂದೇ ಒಂದು ಕಪಾಟು ಭಾರತ, ಅರೇಬಿಯಾಗಳ ಇಡೀ ಸಾಹಿತ್ಯಕ್ಕೆ ಸಮ ಅನ್ನೋ ಸಾಲು ಬಂದಾಗ ಕೋಣೆ ಕುದಿಯಿತು. ಕುದಿಯಲಿ! ಸಿಟ್ಟು ಬರೋದಾದರೆ ಅವನು ನಿಜವಾಗಿ ಬರೆದದ್ದಕ್ಕೆ ಬರಲಿ.

ಮುಂದಿನದು ತಲೇಲಿ ಆಗಲೇ ಓಡ್ತಿದೆ. ಊರಿನ ದೇವಸ್ಥಾನ ಕಟ್ಟಿಸಿದ್ದು ಯಾರು ಅನ್ನೋದಕ್ಕೆ ಸೈಟಿಗೊಂದು ರಾಜನ ಹೆಸರಿದೆ. ಬಿ.ಎಲ್. ರೈಸ್ ಅವರ ಶಾಸನ ಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ತಾಲ್ಲೂಕುವಾರು ಶಾಸನ ಸಂಖ್ಯೆ ಸಿಗುತ್ತೆ, ಅಲ್ಲಿಂದ ಹಿಡಿದು ಕಲ್ಲಿನವರೆಗೆ ಹೋಗೋ ಆಸೆ. ಹಳಗನ್ನಡ ಓದಿಸೋಕೆ ಯಾರಾದರೂ ಸಿಕ್ಕರೆ ಮುಂದಿನ ಶನಿವಾರವೇ ಶುರು.